ನೆಲ ಡೊಂಕೋ, ಗಾಲಿ ಡೊಂಕೋ?

ಕಳೆದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಪುಣೆಯ ಶಾಲೆಯೊಂದರ ಬಯಲಿನಲ್ಲಿ ಮಕ್ಕಳ ಸ್ಕೇಟಿಂಗ್ ಪಂದ್ಯವಿದ್ದಿತು. ನಮ್ಮ ಕಿರಿಯ ಮಗಳು, ಹತ್ತು ವರ್ಷದವಳು, ಅದರಲ್ಲಿ ಭಾಗವಹಿಸಿದ್ದಳು. ಅವಳ ಸರದಿಯಲ್ಲಿ ಓಡಿದವರು ಆರು ಮಂದಿ, ಇವಳು ಐದನೆಯವಳು. ಆರನೆಯ ಹುಡುಗಿ ಮೊದಲ ತಿರುವಿನಲ್ಲಿಯೇ ಬಿದ್ದು ಅಳುತ್ತ ಕುಳಿತಿದ್ದಳಾದ್ದರಿಂದ, ಈ ಐದನೆಯ ಸ್ಥಾನದ ಬೆಲೆ ಎಷ್ಟೆಂಬುದನ್ನು ವಾಚಕರೇ ಊಹಿಸಬಹುದು.

ಮನೆಗೆ ಬಂದವಳೇ ಸ್ಕೇಟುಗಳನ್ನು ಮೂಲೆಗೆ ಎಸೆದು, "ಅಪ್ಪಾ, ನನ್ನ ಗಾಲಿ ಛಲೋ ಇಲ್ಲ. ಅವರೆಲ್ಲಾರವೂ ದೊಡ್ಡ ಗಾಲಿ. ನಂಗೂ ಹಂಥಾವ ಕೊಡಸು, ಇಲ್ಲಾಂದ್ರ ನಾ ಇನ್ನ ಹೋಗಂಗಿಲ್ಲ" ಎಂದಳು. ಒಳಗೆ ಅವರೆಕಾಳು ಸುಲಿಯುತ್ತಿದ್ದ ನಮ್ಮ ತಾಯಿಯವರು ತಲೆಯೆತ್ತದೆಯೇ, "ಕುಣೀಲಿಕ್ಕೆ ಬಾರದಾಕಿ ನೆಲ ಡೊಂಕು ಅಂದಿದ್ಲಂತ" ಎಂದರು. ಹುಡುಗಿಯ ಕಣ್ಣಿನಲ್ಲಿ ನೀರು ತುಂಬಿತು.

ಇಲ್ಲಿ ಒಂದು ನಿಜವನ್ನು ಒಪ್ಪಿಕೊಳ್ಳಬೇಕು. ಮಗಳಿಗಿಂತ ಹೆಚ್ಚಾಗಿ ನಾಚಿಕೆಪಟ್ಟವರು ನಾವು. ನೆರೆಮನೆಯವರು ಕೇಳಿದರೆ ಏನು ಹೇಳುವುದೆಂಬ ಚಿಂತೆ ನಮ್ಮದು. ಅದೇ ಸಂಜೆ ಅಂಗಡಿಗೆ ಹೋಗಿ ದೊಡ್ಡ ಗಾಲಿಯ ಸ್ಕೇಟಿನ ಬೆಲೆ ವಿಚಾರಿಸಿದೆವು. ಅಂಗಡಿಯವನು ಹೇಳಿದ ಮೊತ್ತ ನಮ್ಮ ಮನೆಬಾಡಿಗೆಯ ಅರ್ಧಕ್ಕಿಂತ ಮೇಲಾಗಿತ್ತು. ಕೊಳ್ಳುವುದೋ ಬಿಡುವುದೋ ಎಂದು ತೋಚದೆ ಹಿಂದಿರುಗುವಾಗ, ಹಿಂದೊಮ್ಮೆ ಓದಿದ್ದ ಆಸ್ಟ್ರೇಲಿಯದ ಒಬ್ಬ ಸ್ಕೇಟಿಂಗ್ ಪಟುವಿನ ಕಥೆ ನೆನಪಾಯಿತು. ರಾತ್ರಿ ಊಟವಾದ ಮೇಲೆ ಅದನ್ನು ಮಗಳಿಗೆ ಹೇಳಿದೆವು. ಅವಳಿಗಿಂತ ಅದು ನಮಗೇ ಹೆಚ್ಚು ಬೇಕಾಗಿತ್ತೆಂದು ಈಗ ತೋರುತ್ತದೆ. ನಮ್ಮಂತೆಯೇ ಊರುಬಿಟ್ಟು ಬಂದು, ಮಕ್ಕಳನ್ನು ಹತ್ತಾರು ತರಗತಿಗಳಿಗೆ ಕಳುಹಿಸುತ್ತಿರುವ ತಂದೆತಾಯಿಗಳಿಗೂ ಅದು ಬೇಕಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ಮಂಜುಗಡ್ಡೆಯ ಮೇಲಿನ ಓಟ

ಆತನ ಹೆಸರು ಸ್ಟೀವನ್ ಬ್ರಾಡ್ಬರಿ. ಹುಟ್ಟಿದ್ದು 1973ರಲ್ಲಿ, ಸ್ಕೇಟಿಂಗ್ ಅಭ್ಯಾಸ ಮಾಡಿದ್ದು ಬ್ರಿಸ್ಬೇನ್ ನಗರದಲ್ಲಿ. ಅದು ನಮ್ಮ ಮಂಗಳೂರಿನಂತೆ ಬೆಚ್ಚನೆಯ ಕರಾವಳಿಯ ಊರು. ಹಿಮ ಬೀಳದ ಆ ಊರಿನಲ್ಲಿ, ಯಂತ್ರದಿಂದ ನೀರು ಹೆಪ್ಪುಗಟ್ಟಿಸಿದ ಒಳಾಂಗಣದಲ್ಲಿಯೇ ಹಿಮದ ಆಟವನ್ನು ಕಲಿಯಬೇಕಾಗಿತ್ತು.

ನಮ್ಮಲ್ಲಿ ಬಹುಮಂದಿಗೆ ಮಂಜುಗಡ್ಡೆಯ ಅಂಗಳವೆಂದರೆ ಚಿತ್ರದಲ್ಲಿ ಕಂಡದ್ದೇ ಹೊರತು ಮೆಟ್ಟಿ ನೋಡಿದ್ದಲ್ಲ. ದೆಹಲಿಯ ವಾಚಕರಲ್ಲಿ ಕೆಲವರು ಶಿಮ್ಲಾದ ಹಳೆಯ ರಿಂಕನ್ನು ಕಂಡಿರಬಹುದು. ಆದ್ದರಿಂದ ಈ ಆಟದ ಪರಿಚಯವನ್ನು ನಾಲ್ಕು ಮಾತಿನಲ್ಲಿ ಮಾಡಿಕೊಡುವುದು ಲೇಸು. ಬ್ರಾಡ್ಬರಿ ಆಡುತ್ತಿದ್ದುದು 'ಶಾರ್ಟ್ ಟ್ರ್ಯಾಕ್' ಎಂಬ ಬಗೆ. ಅರುವತ್ತು ಮೀಟರು ಉದ್ದ, ಮೂವತ್ತು ಮೀಟರು ಅಗಲದ ಅಂಗಳದೊಳಗೆ ಮೊಟ್ಟೆಯಾಕಾರದ ದಾರಿ; ಒಂದು ಸುತ್ತಿಗೆ 111.12 ಮೀಟರು. ಸಾವಿರ ಮೀಟರಿನ ಓಟವೆಂದರೆ ಒಂಬತ್ತು ಸುತ್ತು. ಒಬ್ಬೊಬ್ಬರಿಗೆ ಒಂದೊಂದು ಸಾಲು ಎಂಬ ಏರ್ಪಾಡಿಲ್ಲ. ನಾಲ್ಕೈದು ಮಂದಿ ಒಟ್ಟಿಗೆ, ಮೈಗೆ ಮೈ ತಾಗುವಂತೆ, ಸಂತೆಯ ದಿನ ಬಸ್ಸಿಗೆ ನುಗ್ಗಿದಂತೆ ಒಂದೇ ತಿರುವಿಗೆ ನುಗ್ಗುತ್ತಾರೆ. ಕಾಲಿನ ಕೆಳಗೆ ಕತ್ತಿಯಂಥ ಅಲಗು. ಮೋಟಾರು ಸೈಕಲಿನ ವೇಗ. ಹಿಡಿದುಕೊಳ್ಳಲು ಏನೂ ಇಲ್ಲ. ಬೀಳುವುದು ಈ ಆಟದಲ್ಲಿ ಅಪಘಾತವಲ್ಲ, ಆಟದ ಒಂದು ಅಂಗವೇ ಸರಿ.

ಇನ್ನು ಸಲಕರಣೆ. ಬೂಟು ಪಾದಕ್ಕೆ ಅಚ್ಚು ತೆಗೆದು ಮಾಡಿದ್ದಾಗಿರಬೇಕು. ಒಳಗೆ ಪಾದ ಕೂದಲೆಳೆಯಷ್ಟು ಜರುಗಿದರೂ ಅಲಗು ಹೇಳಿದಂತೆ ಕೇಳುವುದಿಲ್ಲ. ಅಲಗನ್ನು ಬೂಟಿನ ನಟ್ಟನಡುವೆ ಕೂರಿಸುವುದಿಲ್ಲ. ತಿರುವುಗಳೆಲ್ಲ ಎಡಕ್ಕೇ ಆದ್ದರಿಂದ ಅಲಗೂ ಎಡಕ್ಕೆ ಸರಿದಿರುತ್ತದೆ. ಅದರ ಮೇಲೆ ಅದನ್ನು ತಿರುವಿನ ಕಡೆಗೆ ತುಸು ಬಾಗಿಸಿರುತ್ತಾರೆ. ಅಲಗಿನ ತಳವೂ ನೇರವಲ್ಲ, ದೋಣಿಯ ತಳದಂತೆ ಅತಿ ಸೂಕ್ಷ್ಮವಾಗಿ ಬಳುಕಿರುತ್ತದೆ. ಎರಡು ಅಲಗುಗಳನ್ನೂ ಒಂದು ಚೌಕಟ್ಟಿನಲ್ಲಿ ಜೋಡಿಸಿ ಸಾಣೆಕಲ್ಲಿನಿಂದ ಮಸೆದು, ಮಸೆದಾಗ ಅಂಚಿನಲ್ಲಿ ಏಳುವ ಲೋಹದ ಜೂಲನ್ನು ಬೇರೆ ನುಣುಪುಗಲ್ಲಿನಿಂದ ತೆಗೆಯಬೇಕು. ಇದನ್ನು ಮತ್ತೊಬ್ಬರ ಕೈಯಲ್ಲಿ ಬಿಟ್ಟು ನಿಶ್ಚಿಂತರಾಗಿರುವ ಪಟುಗಳು ವಿರಳ. ವೀಣೆ ನುಡಿಸುವವರು ಶ್ರುತಿ ಮಾಡಿಕೊಳ್ಳುವುದನ್ನು ಬೇರೆಯವರಿಗೆ ಬಿಡುತ್ತಾರೆಯೇ?

ತನ್ನ ಬೂಟು ತಾನೇ ಹೊಲಿದವನು

ಆಸ್ಟ್ರೇಲಿಯದಲ್ಲಿ ಈ ಆಟಕ್ಕೆ ಹಣವೂ ಇರಲಿಲ್ಲ, ಪ್ರೇಕ್ಷಕರೂ ಇರಲಿಲ್ಲ. ಕ್ರಿಕೆಟ್ಟಿಗೂ ಈಜಿಗೂ ಸಿಕ್ಕುವ ಮರ್ಯಾದೆಯ ನೂರರಲ್ಲೊಂದು ಪಾಲೂ ಹಿಮದ ಆಟಗಾರರಿಗೆ ದೊರೆಯುತ್ತಿರಲಿಲ್ಲ. ಬ್ರಾಡ್ಬರಿಯ ಜೀವನೋಪಾಯ ಬೂಟು ತಯಾರಿಕೆ. ಸ್ಕೇಟಿಂಗ್ ಬಲ್ಲ ಗೆಳೆಯನೊಬ್ಬನ ಜೊತೆಗೂಡಿ 'ರೆವಲ್ಯೂಷನರಿ ಬೂಟ್ ಕಂಪನಿ' ಎಂಬ ದೊಡ್ಡ ಹೆಸರಿನ ಚಿಕ್ಕ ಉದ್ಯಮವನ್ನು ನಡೆಸುತ್ತಿದ್ದ. ತನ್ನ ಕಾಲಿಗೆ ಬೇಕಾದ ಬೂಟನ್ನು ತಾನೇ ಮಾಡಿಕೊಂಡು, ಉಳಿದವರ ಕಾಲಿಗೂ ಮಾಡಿಕೊಟ್ಟು ಅದರಿಂದ ಬಂದ ಹಣದಲ್ಲಿ ಅಭ್ಯಾಸ ಸಾಗಿಸುತ್ತಿದ್ದ. ನಾಲ್ಕನೆಯ ಒಲಿಂಪಿಕ್ಸಿಗೆ ಮುನ್ನ ತನ್ನ ಹಳೆಯ ಕಾರನ್ನು ರಿಪೇರಿ ಮಾಡಿಸಲು ತಂದೆತಾಯಿಗಳಿಂದ ಸಾಲ ಪಡೆದಿದ್ದನಂತೆ. ಅಭ್ಯಾಸದ ಅಂಗಳಕ್ಕೆ ಹೋಗಿಬರಲು ಕಾರು ಬೇಕೇ ಬೇಕಾಗಿತ್ತು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಆಗ ಜಗತ್ತಿನ ಕಣ್ಣೆಲ್ಲ ಅಮೆರಿಕದ ಯುವಕ ಅಪೋಲೊ ಓನೊ ಎಂಬವನ ಮೇಲೆ. ಅವನಿಗೂ ಬ್ರಾಡ್ಬರಿ ಬೂಟು ಮಾಡಿಕೊಟ್ಟಿದ್ದ, ಅದೂ ಬಿಟ್ಟಿಯಾಗಿ. "ನೀನು ಚಿನ್ನ ಗೆದ್ದಾಗ ನನ್ನ ಬೂಟಿನ ಬಗ್ಗೆ ಒಂದು ಒಳ್ಳೆಯ ಮಾತಾಡು" ಎಂಬುದಷ್ಟೇ ಅವನು ಕೇಳಿಕೊಂಡದ್ದು. ತಾನೇ ಗೆಲ್ಲುವ ಯೋಚನೆ ಆತನ ಲೆಕ್ಕದಲ್ಲಿರಲಿಲ್ಲ. ಎದುರಾಳಿಯ ಕಾಲಿಗೆ ಒಳ್ಳೆಯ ಬೂಟು ತೊಡಿಸಿ ಅವನೊಡನೆಯೇ ಓಡಲು ಹೊರಟ ಮನುಷ್ಯನನ್ನು ಕಲ್ಪಿಸಿಕೊಳ್ಳಿ. ಸೋತರೆ ಬೂಟನ್ನು ದೂರುವ ದಾರಿಯೂ ಅವನಿಗೆ ಮುಚ್ಚಿಹೋಗಿತ್ತು!

ಎರಡು ಬಾರಿ ಸಾವಿನ ಬಾಗಿಲು

ಬ್ರಾಡ್ಬರಿ ಸಾಧಾರಣ ಆಟಗಾರನೇನೂ ಆಗಿರಲಿಲ್ಲ. 1991ರಲ್ಲಿ ವಿಶ್ವಚಾಂಪಿಯನ್ ಪಟ್ಟ ಪಡೆದ ಆಸ್ಟ್ರೇಲಿಯದ ರಿಲೇ ತಂಡದಲ್ಲಿ ಆತನಿದ್ದ. ಆ ತಂಡ 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸಿನ ಉಪಾಂತ್ಯದಲ್ಲಿ ಬಿದ್ದು ಬರಿಗೈಯಲ್ಲಿ ಮರಳಿತು. ಪೆಟ್ಟು ತಿಂದವರಿಗೆ ಬುದ್ಧಿ ಬಂದಿತು. 1994ರ ಲಿಲ್ಲೆಹ್ಯಾಮರ್‌ನಲ್ಲಿ ಅವರು ಹಾಕಿಕೊಂಡ ಮೊದಲ ನಿಯಮ, ಗೆಲ್ಲಬೇಕೆಂಬುದಲ್ಲ, ಬೀಳಬಾರದೆಂಬುದು. ಓಟದ ನಡುವೆ ಕೆನಡದವರು ಬಿದ್ದರು. ಕೊನೆಯಲ್ಲಿ ಅಮೆರಿಕದವರೊಡನೆ ಬೆಳ್ಳಿಗಾಗಿ ಗುದ್ದಾಡುವ ಅವಕಾಶ ಬಂದಾಗ ಆಸ್ಟ್ರೇಲಿಯದವನು ವಿವೇಕದಿಂದ ಹಿಂದೆ ಸರಿದ. ಕಂಚು ದಕ್ಕಿತು. ಚಳಿಗಾಲದ ಒಲಿಂಪಿಕ್ಸಿನಲ್ಲಿ ಆ ದೇಶಕ್ಕೆ ಬಂದ ಮೊಟ್ಟಮೊದಲ ಪದಕ ಅದು.

ಅದೇ ವರ್ಷ ಕೆನಡದ ಮಾಂಟ್ರಿಯಲ್‌ನಲ್ಲಿ ನಡೆದ ಪಂದ್ಯವೊಂದರಲ್ಲಿ ಮತ್ತೊಬ್ಬ ಪಟುವಿನ ಅಲಗು ಬ್ರಾಡ್ಬರಿಯ ತೊಡೆಯನ್ನು ಸೀಳಿಬಿಟ್ಟಿತು. ನಾಲ್ಕು ಲೀಟರು ರಕ್ತ ಹರಿದುಹೋಯಿತು. 111 ಹೊಲಿಗೆ ಹಾಕಬೇಕಾಯಿತು. ಒಂದು ಸುತ್ತಿನ ಮೀಟರುಗಳೂ ಅಷ್ಟೇ, ಹೊಲಿಗೆಗಳೂ ಅಷ್ಟೇ! ಕಾಲಿಗೆ ಹಿಂದಿನ ಶಕ್ತಿ ಮರಳಲು ಒಂದೂವರೆ ವರ್ಷ ಹಿಡಿಯಿತು. 1998ರ ನಗಾನೊ ಒಲಿಂಪಿಕ್ಸಿನಲ್ಲಿ ಪದಕ ಬರಲಿಲ್ಲ. 2000ದ ಸೆಪ್ಟೆಂಬರಿನಲ್ಲಿ ಅಭ್ಯಾಸದ ಹೊತ್ತಿನಲ್ಲಿ ಮುಂದೆ ಬಿದ್ದವನನ್ನು ಹಾರಿ ದಾಟಲು ಹೋಗಿ ತಲೆಮೊದಲಾಗಿ ಗೋಡೆಗೆ ಅಪ್ಪಳಿಸಿದ. ಕತ್ತಿನ ಎರಡು ಎಲುಬುಗಳು ಮುರಿದವು. ತಲೆಬುರುಡೆಗೆ ನಾಲ್ಕು ಮೊಳೆ ಬಿಗಿದು, ಕತ್ತು ಅಲುಗದಂತೆ ಲೋಹದ ಬಳೆ ತೊಡಿಸಿ, ಆರು ವಾರ ಇರಿಸಿದರು. ಇನ್ನು ಮಂಜುಗಡ್ಡೆಯ ಗೊಡವೆ ಬೇಡವೆಂದು ವೈದ್ಯರು ಹೇಳಿದರು.

ಆದರೂ ಆತ ಹಿಂದಿರುಗಿದ. ಏಕೆ? 1994ರಲ್ಲಿ ತನ್ನ ಸ್ವಂತ ಓಟಗಳಲ್ಲಿ ಬೇರೆಯವರ ತಾಕಲಾಟಕ್ಕೆ ಸಿಕ್ಕಿ ಬಿದ್ದುದು ಅವನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಪದಕ ಬರಲಿ ಬಿಡಲಿ, ಮತ್ತೊಮ್ಮೆ ನಿಂತು ಓಡಿ ಮುಗಿಸಬೇಕೆಂಬುದು ಅವನ ಹಂಬಲ.

ಕಾಗೆಯೂ ಟೊಂಗೆಯೂ

2002ರ ಫೆಬ್ರವರಿ 16, ಅಮೆರಿಕದ ಸಾಲ್ಟ್ ಲೇಕ್ ಸಿಟಿ. ಸಾವಿರ ಮೀಟರಿನ ಓಟ. ಬ್ರಾಡ್ಬರಿಗೆ ಆಗ ಇಪ್ಪತ್ತೆಂಟು. ಈ ಆಟದಲ್ಲಿ ಅದು ಹಿರಿಯ ವಯಸ್ಸೇ. ಮೊದಲ ಸುತ್ತನ್ನು ಗೆದ್ದು ಬಂದಿದ್ದ. ಕ್ವಾರ್ಟರ್ ಫೈನಲಿನಲ್ಲಿ ಮೂರನೆಯವನಾದಾಗ ಕಥೆ ಮುಗಿಯಿತೆಂದೇ ಭಾವಿಸಿದ್ದ. ಮುಂದಿನವರಲ್ಲೊಬ್ಬ ಅಡ್ಡಿಪಡಿಸಿದ ತಪ್ಪಿಗೆ ಅನರ್ಹನಾಗಿ ಇವನಿಗೆ ದಾರಿ ತೆರೆಯಿತು.

ಉಪಾಂತ್ಯಕ್ಕೆ ಮುನ್ನ ತನ್ನ ಶಿಕ್ಷಕಿ ಆನ್ ಜಾಂಗ್ ಅವರೊಡನೆ ಕುಳಿತು ಸಮಾಲೋಚಿಸಿದ. ಇಲ್ಲಿಯೇ ಆತನ ಮನಸ್ಸಿನ ಹದ ನಮಗೆ ಕಾಣುವುದು. ಅವನ ಲೆಕ್ಕ ಹೀಗಿತ್ತು: ಇವರೆಲ್ಲ ನನಗಿಂತ ಎಳೆಯರು, ನನಗಿಂತ ವೇಗದವರು. ಒಂದೇ ಸಂಜೆ ಓಟದ ಮೇಲೆ ಓಟ ಓಡಿ ನನ್ನ ಕಾಲು ಸೋತಿವೆ. ಮುನ್ನುಗ್ಗಿ ಸೆಣಸಿದರೆ ನಾನು ಸೋಲುವುದು ಖಂಡಿತ. ಜೊತೆಗೆ ಬೀಳುವುದೂ ಖಂಡಿತ. ಇವರಾದರೋ ಚಿನ್ನಕ್ಕಿಂತ ಕಡಮೆಯದನ್ನು ಒಪ್ಪುವವರಲ್ಲ. ಒಬ್ಬರನ್ನೊಬ್ಬರು ಒತ್ತಿಯೇ ಒತ್ತುತ್ತಾರೆ. ಆದ್ದರಿಂದ ಹಿಂದೆ ಉಳಿದು, ಕಾಲಮೇಲೆ ನಿಂತು, ಓಟ ಮುಗಿಸುವುದೇ ನನ್ನ ಕೆಲಸ.

ಹೀಗೆ ತನ್ನ ಶಕ್ತಿಯನ್ನು ತಾನು ತಕ್ಕಡಿಯಲ್ಲಿಟ್ಟು ತೂಗುವುದು ಸುಲಭವೆಂದು ತಿಳಿಯಬಾರದು. ಸಾವಿರಾರು ಜನ ನೋಡುತ್ತಿರುವಾಗ ಕೊನೆಯವನಾಗಿ ಓಡಲು, ಮೊದಲಿಗನಾಗಿ ಓಡುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು.

ಉಪಾಂತ್ಯದಲ್ಲಿ ಅವನೆಣಿಸಿದಂತೆಯೇ ಮುಂದಿನವರು ಬಿದ್ದರು. ಆತ ಅಂತಿಮ ಓಟಕ್ಕೆ ಬಂದ. ಅಲ್ಲಿ ಐವರು: ಅಮೆರಿಕದ ಓನೊ, ಕೊರಿಯದ ಆನ್ ಹ್ಯೂನ್-ಸೂ, ಚೀನದ ಲಿ ಜಿಯಾಜುನ್, ಕೆನಡದ ಮ್ಯಾಥ್ಯೂ ಟರ್ಕಾಟ್ ಮತ್ತು ನಮ್ಮ ಬೂಟಿನವನು. ಎಂಟೂವರೆ ಸುತ್ತು ನಾಲ್ವರೂ ಒಂದು ಗುಂಪಾಗಿ ಹಾರಿದರು; ಬ್ರಾಡ್ಬರಿ ಸುಮಾರು ಹದಿನೈದು ಮೀಟರು ಹಿಂದೆ. ಕಟ್ಟಕಡೆಯ ತಿರುವು. ಮೊದಲು ಲಿ ಜಾರಿದ. ಅವನ ಹಿಂದೆ ಆನ್, ಓನೊ, ಟರ್ಕಾಟ್ ಮೂವರೂ ಕಟ್ಟಿಟ್ಟ ಇಟ್ಟಿಗೆಗಳಂತೆ ಉರುಳಿದರು. ಅವರು ಗೋಡೆಯ ಬದಿಯಲ್ಲಿ ಹೊರಳಾಡುತ್ತಿದ್ದಂತೆಯೇ ಹಿಂದಿನಿಂದ ಬಂದವನು ನೆಟ್ಟಗೆ ನಿಂತು ಗೆರೆ ದಾಟಿದ. ಕೈಯನ್ನು ಮೇಲೆತ್ತಬೇಕೋ ಬೇಡವೋ ಎಂಬ ಸಂಕೋಚ ಆತನ ಮುಖದಲ್ಲಿ ಎದ್ದು ಕಾಣುತ್ತಿತ್ತು. ಕಾಲ ಒಂದು ನಿಮಿಷ 29.109 ಸೆಕೆಂಡು. ಚಳಿಗಾಲದ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಕ್ಕೆ ಮಾತ್ರವಲ್ಲ, ಭೂಮಿಯ ದಕ್ಷಿಣಾರ್ಧಕ್ಕೇ ಬಂದ ಮೊದಲ ಚಿನ್ನ ಅದು. ತೆವಳಿಕೊಂಡು ಬಂದು ಗೆರೆ ಮುಟ್ಟಿದ ಓನೊ ಬೆಳ್ಳಿ ಪಡೆದ.

ಜಗತ್ತು ನಕ್ಕಿತು. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂದು ನಾವೂ ಹೇಳಬಹುದು. ಆಸ್ಟ್ರೇಲಿಯದಲ್ಲಿ 'ಬ್ರಾಡ್ಬರಿ ಮಾಡಿದ' ಎಂಬುದು ಅನಿರೀಕ್ಷಿತ ಗೆಲವಿಗೆ ನಾಣ್ಣುಡಿಯೇ ಆಯಿತು. ಪದಕ ಸ್ವೀಕರಿಸಲೋ ಬೇಡವೋ ಎಂದು ಆತನೂ ಯೋಚಿಸಿದನಂತೆ. ಕೊನೆಗೆ ಆತ ಕೊಟ್ಟ ಸಮಾಧಾನದ ತಾತ್ಪರ್ಯವಿಷ್ಟು: ಆ ಒಂದೂವರೆ ನಿಮಿಷದ ಓಟಕ್ಕಾಗಿ ಈ ಪದಕವನ್ನು ತೆಗೆದುಕೊಳ್ಳುತ್ತಿಲ್ಲ, ಹತ್ತು ಹನ್ನೆರಡು ವರ್ಷ ಪಟ್ಟ ಪಾಡಿಗಾಗಿ ತೆಗೆದುಕೊಳ್ಳುತ್ತೇನೆ.

ಆ ಮಾತಿನಲ್ಲಿ ನ್ಯಾಯವಿದೆ. ಟೊಂಗೆ ಮುರಿಯುವುದು ಯಾರ ಕೈಯಲ್ಲೂ ಇಲ್ಲ. ಆದರೆ ಅದು ಮುರಿಯುವ ಗಳಿಗೆಯಲ್ಲಿ ಅಲ್ಲಿಯವರೆಗೆ ಹಾರಿ ಬಂದಿರುವುದು ಕಾಗೆಯ ಕೆಲಸವೇ ತಾನೆ?

ಸಲಕರಣೆ ಮುಖ್ಯವಲ್ಲವೇ?

ಇಷ್ಟು ಹೇಳಿ ಮುಗಿಸಿ, ಸಲಕರಣೆಯಲ್ಲಿ ಏನೂ ಇಲ್ಲ, ಎಲ್ಲ ಮನಸ್ಸಿನಲ್ಲಿದೆ ಎಂದು ಮಗಳಿಗೆ ಉಪದೇಶಿಸುವ ಆಸೆ ನಮಗಿತ್ತು. ಆದರೆ ಅದು ಸುಳ್ಳಾಗುತ್ತಿತ್ತು. ಸ್ಕೇಟಿಂಗಿನ ಚರಿತ್ರೆಯಲ್ಲೇ ಅದಕ್ಕೆ ವಿರುದ್ಧವಾದ ಸಾಕ್ಷ್ಯವಿದೆ. ನಾನೂರು ಮೀಟರಿನ ದೊಡ್ಡ ಅಂಗಳದ ಓಟಕ್ಕಾಗಿ, ಹಿಮ್ಮಡಿಯ ಬಳಿ ಬೂಟಿನಿಂದ ಬಿಡಿಸಿಕೊಂಡು, ಕಾಲೆತ್ತಿದಾಗ 'ಟಪ್' ಎಂದು ಮರಳಿ ಕೂಡಿಕೊಳ್ಳುವ ಅಲಗೊಂದನ್ನು ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದ ವಿಶ್ವವಿದ್ಯಾಲಯವೊಂದರ ವಿಜ್ಞಾನಿಗಳು ರೂಪಿಸಿದರು. ಹೆಸರಾಂತ ಪಟುಗಳು ಬಹುಕಾಲ ಅದರ ಕಡೆ ತಿರುಗಿಯೂ ನೋಡಲಿಲ್ಲ. 1994-95ರಲ್ಲಿ ಹಾಲೆಂಡಿನ ಎಳೆಯ ಹವ್ಯಾಸಿಗಳ ಒಂದು ಗುಂಪು ಅದನ್ನು ತೊಟ್ಟು ಓಡಿ ಗಮನಾರ್ಹವಾಗಿ ಮುಂದುವರಿಯಿತು. 1998ರ ನಗಾನೊ ಒಲಿಂಪಿಕ್ಸಿನ ವೇಳೆಗೆ ಹಳೆಯ ಅಲಗು ಮೂಲೆ ಸೇರಿತ್ತು. ದಾಖಲೆಗಳು ಒಂದರ ಮೇಲೊಂದು ಮುರಿದವು. ಸಲಕರಣೆ ಮುಖ್ಯವೇ. ಅದು ನೆಪವಾಗಬಾರದು ಅಷ್ಟೆ.

ಈ ವಿವೇಚನೆಯಿಂದ ಮರುದಿನ ಮಗಳ ಸ್ಕೇಟುಗಳನ್ನು ಕೈಗೆತ್ತಿಕೊಂಡೆವು. ಮೊದಲು ಅವಳ ಕಾಲ್ಚೀಲ ತೆಗೆಸಿ ನೋಡಿದರೆ, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿದೆ! ಬೂಟು ಅವಳ ಪಾದಕ್ಕಿಂತ ಎರಡು ಅಳತೆ ದೊಡ್ಡದು. ಕೊಂಡವರು ಯಾರು? ನಾವೇ. "ಬೆಳೆಯುವ ಮಗು, ಎರಡು ವರ್ಷ ಬರಲಿ" ಎಂದು ಶಾಲೆಯ ಸಮವಸ್ತ್ರ ಹೊಲಿಸುವ ಜಾಣತನವನ್ನೇ ಇಲ್ಲಿಯೂ ತೋರಿಸಿದ್ದೆವು. ಆಕೆ ಎರಡೆರಡು ಜೊತೆ ಕಾಲ್ಚೀಲ ತೊಟ್ಟು, ನೋವನ್ನು ನುಂಗಿಕೊಂಡು ಓಡಿದ್ದಳು. ನೋವು ಕಾಲಿನಲ್ಲಿತ್ತು, ಅದನ್ನು ಹೇಳಲು ಬಾರದೆ ಗಾಲಿಯ ಮೇಲೆ ಹಾಕಿದ್ದಳು. ನಮ್ಮ ತಾಯಿಯವರು ಆ ಬೊಬ್ಬೆಗೆ ಕೊಬ್ಬರಿಎಣ್ಣೆ ಸವರುತ್ತ, "ನೆಲಾ ಖರೇನ ಡೊಂಕಿತ್ತು ನೋಡವ್ವಾ" ಎಂದರು. ಗಾದೆಯನ್ನು ಹಿಂದೆಗೆದುಕೊಂಡದ್ದನ್ನು ನಾವು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಆದರೆ ಗಾಲಿಗಳ ಕಥೆ ಬೇರೆ. ಅವುಗಳಲ್ಲಿ ದೋಷವಿರಲಿಲ್ಲ, ಆರೈಕೆಯಿರಲಿಲ್ಲ. ಒಳಬದಿ ಸವೆದಿತ್ತು, ಎಡದ್ದನ್ನು ಬಲಕ್ಕೆ ಹಾಕಿ, ಸವೆದ ಬದಿ ಹೊರಗೆ ಬರುವಂತೆ ತಿರುಗಿಸಿದೆವು. ಬೇರಿಂಗುಗಳಲ್ಲಿ ಅಂಗಳದ ಧೂಳೆಲ್ಲ ಮನೆಮಾಡಿತ್ತು. ಅವನ್ನು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಒಂದೊಂದು ಹನಿ ಹೊಲಿಗೆಯಂತ್ರದ ಎಣ್ಣೆ ಬಿಟ್ಟೆವು. ಬೆರಳಿನಿಂದ ತಿರುವಿದರೆ ಮೊದಲು ಎರಡು ಸುತ್ತಿಗೆ ನಿಲ್ಲುತ್ತಿದ್ದ ಗಾಲಿ ಈಗ ಬುಗುರಿಯಂತೆ ತಿರುಗತೊಡಗಿತು. ಹುಡುಗಿ ಅದನ್ನು ಕಿವಿಯ ಬಳಿ ಹಿಡಿದು ಬಹಳ ಹೊತ್ತು ಸದ್ದು ಕೇಳಿದಳು. ಖರ್ಚು ಆದದ್ದು ಏನೂ ಇಲ್ಲ. ಒಂದು ರಜೆಯ ಮಧ್ಯಾಹ್ನ ಮಾತ್ರ. ಬೂಟಿನ ಸಮಸ್ಯೆಯನ್ನು ನಮ್ಮ ಸಂಘದ ಬಳಗದವರೇ ಒಬ್ಬರು ಬಗೆಹರಿಸಿದರು. ಅವರ ಮಗನಿಗೆ ಚಿಕ್ಕದಾಗಿದ್ದ ಬೂಟು ಇವಳ ಕಾಲಿಗೆ ಅಳತೆ ತೆಗೆದಂತೆ ಕೂತಿತು.

ಮುಂದಿನ ಪಂದ್ಯ ಇನ್ನೂ ಬಂದಿಲ್ಲ. ಗೆಲ್ಲುತ್ತಾಳೆಂಬ ಭರವಸೆ ನಮಗಿಲ್ಲ. ಈ ಸಲ ಅದನ್ನು ಅವಳಿಗೆ ಹೊರಿಸುವ ಮನಸ್ಸೂ ಇಲ್ಲ. ಓಟದ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಬೇಕೆಂದು ತಂದೆ ಮಗಳು ಒಪ್ಪಂದ ಮಾಡಿಕೊಂಡಿದ್ದೇವೆ. ಕಾಲು ನೋಯುತ್ತಿದೆಯೇ? ಗಾಲಿ ತೊಳೆದಿದೆಯೇ? ಬಿದ್ದರೆ ಎದ್ದು ಮುಗಿಸುವೆಯಾ? ಮೂರಕ್ಕೂ ಉತ್ತರ ಸರಿಯಿದ್ದರೆ ಎಷ್ಟನೆಯವಳಾಗಿ ಬಂದರೂ ಮನೆಯಲ್ಲಿ ಹೋಳಿಗೆ.

ಕೊನೆಗೆ ಒಂದು ಸೂಚನೆ. ಗಾಲಿಯ ಸ್ಕೇಟಿಂಗ್ ಇಂದು ನಮ್ಮ ದೇಶದಲ್ಲಿ ಅಲಕ್ಷಿತ ಆಟವಲ್ಲ. 2023ರಲ್ಲಿ ಹಾಂಗ್‌ಝೌ ನಗರದಲ್ಲಿ ನಡೆದ ಏಷ್ಯನ್ ಕ್ರೀಡೆಗಳಲ್ಲಿ ಭಾರತದ ಹುಡುಗರೂ ಹುಡುಗಿಯರೂ ರಿಲೇ ಓಟದಲ್ಲಿ ಕಂಚು ತಂದರು. 2025ರಲ್ಲಿ ಚೆನ್ನೈಯ ಆನಂದಕುಮಾರ್ ವೇಲ್‌ಕುಮಾರ್ ಚೀನದಲ್ಲಿ ನಡೆದ ವಿಶ್ವ ಸ್ಪರ್ಧೆಯ ಸಾವಿರ ಮೀಟರಿನಲ್ಲಿ ಚಿನ್ನವನ್ನೇ ಗೆದ್ದರು. ನಮ್ಮ ಸಂಘದ ಎಷ್ಟೋ ಮನೆಗಳ ಅಟ್ಟದ ಮೇಲೆ ಮಕ್ಕಳಿಗೆ ಚಿಕ್ಕದಾದ ಸ್ಕೇಟುಗಳು ಧೂಳು ತಿನ್ನುತ್ತಿವೆ. ಮಕ್ಕಳ ಪಾದ ಬೆಳೆಯುವಷ್ಟು ಬೇಗ ಬೂಟು ಸವೆಯುವುದಿಲ್ಲ. ಅವನ್ನೆಲ್ಲ ತಂದು ಸಂಘದ ಕಚೇರಿಯ ಒಂದು ಕಪಾಟಿನಲ್ಲಿ ಅಳತೆವಾರು ಇಟ್ಟರೆ, ಬೇಕಾದವರು ಒಯ್ದು, ಚಿಕ್ಕದಾದಾಗ ತಂದು ಇಡಬಹುದು. ಪುಸ್ತಕಭಂಡಾರ ನಡೆಸುವ ಸಂಘಕ್ಕೆ ಬೂಟಿನ ಭಂಡಾರ ಹೊರೆಯಾಗಲಾರದು. ಕಾರ್ಯದರ್ಶಿಗಳು ಸಮ್ಮತಿಸಿದರೆ ಮೊದಲ ಜೊತೆಯನ್ನು ನಾವೇ ಕೊಡುತ್ತೇವೆ: ಎರಡು ಅಳತೆ ದೊಡ್ಡದು, ಗಾಲಿ ತೊಳೆದದ್ದು, ಹೆಚ್ಚು ಓಡದೆ ಇದ್ದದ್ದು.